ಪಾರ್ಚ್‌ಮೆಂಟ್ ಕಾಲಿನ ಹಕ್ಕಿ

ಕಂದು ಎಂಬ ಬಣ್ಣವೇ ಇಲ್ಲ ಎಂದು ನಾನು ಹೇಳಿದರೆ ನೀವು ನಗಬಹುದು. ಮೊನ್ನೆ ಉಲ್ಲನ್ ಅಂಗಡಿಯವನೂ ನಕ್ಕ. ಸ್ವೆಟರ್ ಹೆಣೆಯುವುದಕ್ಕೆಂದು ಮಗಳು "ಕಂದು ಬಣ್ಣದ ಉಲ್ಲನ್, ನಾಲ್ಕು ಉಂಡೆ" ಎಂದು ಚೀಟಿ ಬರೆದುಕೊಟ್ಟಿದ್ದಳು. ಅಂಗಡಿಯವನು ಏಳು ಉಂಡೆ ತಂದು ಎದುರಿಗೆ ಇಟ್ಟು ಏಳೂ ಕಂದು ಎಂದ. ನನ್ನ ಕಣ್ಣಿಗೆ ಏಳೂ ಬೇರೆ ಬೇರೆ. ಒಂದು, ತೊಟ್ಟಿಯಲ್ಲಿ ಒಂದು ದಿನ ಹೆಚ್ಚು ನೆನೆದ ಕಾಫಿ ಬೇಳೆಯ ಬಣ್ಣ. ಇನ್ನೊಂದು, ನಾಲ್ಕು ಬಿಸಿಲು ಕಂಡ ಚೆರ್ರಿಯದು, ಅಂದರೆ ಸಿಪ್ಪೆ ಸಮೇತ ಒಣಹಾಕಿದ ಕಾಫಿ ಹಣ್ಣಿನದು. ಮತ್ತೊಂದಂತೂ ಇಲಿ ಕಡಿದು ಬಿಟ್ಟ ಹಣ್ಣು ಗಿಡದಲ್ಲೇ ಒಣಗಿದ ಹಾಗಿತ್ತು. "ಇದರಲ್ಲಿ ಯಾವ ಕಂದು?" ಎಂದು ಕೇಳಿದೆ. "ಕಂದು ಅಂದ್ರೆ ಕಂದು ಕಣಮ್ಮಾ, ಅದ್ರಲ್ಲೇನು ಇಷ್ಟು ಹುಡುಕ್ತೀರಿ" ಎಂದ. ಅರ್ಧ ಗಂಟೆ ನಿಂತು ಏನನ್ನೂ ಕೊಳ್ಳದೆ ಬಂದೆ. ಮಗಳು ಚೀಟಿಯನ್ನು ಕಿತ್ತುಕೊಂಡು ತಾನೇ ಹೋದಳು.

ಈ ರೋಗ ನನಗೆ ಹತ್ತಿದ್ದು ಎರಡು ಕಂತಿನಲ್ಲಿ. ಮೊದಲ ಕಂತು ಚಿಕ್ಕಮಗಳೂರಿನ ಪೇಟೆಯಲ್ಲಿದ್ದ ನಮ್ಮಪ್ಪನ ಜವಳಿ ಅಂಗಡಿಯಲ್ಲಿ. ಶಾಲೆ ಬಿಟ್ಟು ಬಂದವಳು ಸೀರೆ ಗಂಟುಗಳ ನಡುವೆ ಬಿದ್ದುಕೊಂಡಿರುತ್ತಿದ್ದೆ. ಹೊಸ ಬಟ್ಟೆಯ ಗಂಜಿಯ ವಾಸನೆ ಈಗಲೂ ಮೂಗಿನಲ್ಲಿದೆ. ಅಪ್ಪ ಯಾವತ್ತೂ "ಆ ಕೆಂಪು ಸೀರೆ ಕೊಡು" ಎಂದವರಲ್ಲ. ಬರಿಯ ಕೆಂಪು ಎಂದರೆ ಅವರಿಗೆ ಅವಮಾನ. ದಾಳಿಂಬೆ ಬಣ್ಣದ್ದು, ಕನಕಾಂಬರದ್ದು, ಈರುಳ್ಳಿ ಸಿಪ್ಪೆಯದು ಎಂದು ಕೇಳುವರು. ತಪ್ಪು ಕೊಟ್ಟರೆ ತಲೆಗೆ ಮೊಟಕುವರು. ಒಮ್ಮೆ ಮದುವೆ ಜವಳಿಗೆ ಬಂದ ಒಬ್ಬಾಕೆಗೆ ನಾನು ಬದನೆಕಾಯಿ ಬಣ್ಣದ ಬದಲು ನೇರಳೆಹಣ್ಣಿನ ಬಣ್ಣದ್ದು ಎತ್ತಿಕೊಟ್ಟೆ. ಆಕೆ ಅದನ್ನೇ ಮೆಚ್ಚಿ ಒಯ್ದರು. ಆದರೂ ಅಪ್ಪನ ಮುಖ ಸಂಜೆಯವರೆಗೂ ಊದಿಕೊಂಡೇ ಇತ್ತು. ಹೇಗೂ ಮಾರಾಟ ಆಯಿತಲ್ಲ ಎಂದಿದ್ದಕ್ಕೆ ಇನ್ನೊಂದು ಮೊಟಕು ಬಿತ್ತು.

ಎರಡನೆಯ ಕಂತು ಮದುವೆಯಾದ ಮೇಲಿನದು. ನಮ್ಮನೆಯವರು ಮಲ್ಲಂದೂರಿನ ಮೇಲ್ಗಡೆಯ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಗಿನ್ನೂ ಬೆಳ್ಳನೆಯ ದೊರೆಗಳ ಕಾಲ. ರೈಟರ ಕೆಲಸವೆಂದರೆ ಆಳುಗಳ ಹಾಜರಿ ಹಾಕುವುದು, ಕಾಗದಪತ್ರ ಬರೆಯುವುದು, ದೊರೆ ಇಂಗ್ಲಿಷಿನಲ್ಲಿ ಬೈದದ್ದನ್ನು ಕನ್ನಡದಲ್ಲಿ ಸ್ವಲ್ಪ ಮೆತ್ತಗೆ ಮಾಡಿ ಮೇಸ್ತ್ರಿಗೆ ಹೇಳುವುದು. ಕೊನೆಯದರಲ್ಲಿ ನಮ್ಮನೆಯವರು ಎತ್ತಿದ ಕೈ. ನಮಗೆ ಕೊಟ್ಟಿದ್ದ ಮನೆ ಬಂಗಲೆಗೂ ಆಳುಗಳ ಮನೆಸಾಲಾದ ಲೈನಿಗೂ ನಡುವೆ ಒಂಟಿಯಾಗಿತ್ತು. ಬಂಗಲೆಗೆ ಹೋಗಿ ಕೂರುವಂತಿಲ್ಲ, ಲೈನಿಗೆ ಹೋದರೆ ಮರ್ಯಾದೆಯಲ್ಲ. ಹದಿನೆಂಟು ವರ್ಷದ ಹುಡುಗಿ, ಪೇಟೆಯ ಗದ್ದಲದಲ್ಲಿ ಬೆಳೆದವಳು, ಅಲ್ಲಿ ಇಡೀ ದಿನ ಯಾರ ಹತ್ತಿರ ಮಾತಾಡಬೇಕು ಹೇಳಿ. ಮೊದಲ ತಿಂಗಳು ಒಲೆಯ ಹತ್ತಿರ ಮಾತಾಡಿದೆ. ಎರಡನೆಯ ತಿಂಗಳು ಎದ್ದು ಕಾಫಿ ಒಣಗಿಸುವ ಕಣಕ್ಕೆ ಹೋದೆ.

ಕಣದಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂತು ಪಾರ್ಚ್‌ಮೆಂಟ್ ಹೆಕ್ಕುತ್ತಿದ್ದರು. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ಸುಲಿದು, ತೊಳೆದು, ಒಣಗಿಸಿದ ಬೇಳೆ. ಮೇಲೊಂದು ತೆಳು ಹೊಟ್ಟು ಇರುತ್ತದೆ. ಚೆನ್ನಾಗಿ ಒಣಗಿದ್ದು ಹೊಸ ಬತ್ತದ ಹುಲ್ಲಿನ ಹಾಗೆ ತಿಳಿಹಳದಿ. ರಾಶಿಯೊಳಗೆ ಕಪ್ಪು ಬೇಳೆ, ತುಂಡು ಬೇಳೆ, ತೊಟ್ಟಿಯಲ್ಲಿ ನೆನೆದು ಹುಳಿ ಹೆಚ್ಚಾದದ್ದು, ಒಳಪೊರೆ ಕೆಂಪಗೆ ಅಂಟಿಕೊಂಡದ್ದು ಸೇರಿರುತ್ತವೆ. ಅವನ್ನು ಬೆರಳ ತುದಿಯಲ್ಲಿ ಆಚೆ ನೂಕುವುದೇ ಹೆಕ್ಕುವುದು. ಆ ಹೆಂಗಸರಿಗೆಲ್ಲ ಹಿರಿಯಳು ಸಿದ್ದಕ್ಕ. ಅವಳ ಹಲ್ಲು ಅರ್ಧ ಹೋಗಿತ್ತು, ಕಣ್ಣು ಮಾತ್ರ ಗಿಡುಗನದು. ನನ್ನನ್ನು ನೋಡಿ, "ರೈಟ್ರ ಅಮ್ಮಾವ್ರು ಕಣಕ್ಕೆ ಬಂದ್ರೆ ನಾವು ಬಂಗ್ಲೆಗೆ ಹೋಗ್ಬೇಕಾಗುತ್ತೆ" ಎಂದು ನಕ್ಕಳು. ನಕ್ಕರೂ ಸರಿದು ಜಾಗ ಕೊಟ್ಟಳು.

ಅವಳ ಮೊದಲ ಪಾಠ ಇದು. ಹೊಸಬರು ಕೂತರೆ ಅವರ ಎದುರಿಗೆ ಒಂದು ಮೊರ ಇಡುವಳು. ಮೊರದ ಮೇಲೆ ಒಂದೊಂದು ಜಾತಿಯ ಬೇಳೆ ನಾಲ್ಕೈದು, ಬಣ್ಣಬಣ್ಣಕ್ಕೆ ಬೇರೆಯಾಗಿ. ಅದಕ್ಕೆ ಮಾದರಿ ಎಂದು ಹೆಸರು. "ಮಾದರಿ ಎದ್ರಿಗೆ ಇಲ್ದೆ ಹೆಕ್ಕಾಕೆ ಕೂರ್ಬಾರ್ದು ಅಮ್ಮಾವ್ರೇ. ಎಲೆಅಡಿಕೆ ಹಾಕೋಷ್ಟ್ರಲ್ಲಿ ಕಣ್ಣು ಮೋಸ ಮಾಡುತ್ತೆ." ನಾನು ಮನಸ್ಸಿನಲ್ಲೇ ನಕ್ಕೆ. ಜವಳಿ ಅಂಗಡಿಯ ಮಗಳಿಗೆ ಮಾದರಿ ಬೇಕೆ? ಸಂಜೆ ನಾನು ಹೆಕ್ಕಿದ ರಾಶಿಯನ್ನು ಸಿದ್ದಕ್ಕ ಮತ್ತೆ ಹೆಕ್ಕಿದಳು. ಮಾರನೆಯ ದಿನ ಮೊರವನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿದಳು.

ನಮ್ಮನೆಯವರಿಗೆ ಇದು ಹಿಡಿಸಲಿಲ್ಲ. "ರೈಟರ ಹೆಂಡ್ತಿ ಕಣದಲ್ಲಿ ಕೂತ್ರೆ ಜನ ಏನಂತಾರೆ ಮಾರಾಯ್ತಿ" ಎಂದರು. "ಜನ ಎಲ್ಲಿದಾರೆ ತೋರ್ಸಿ, ಅವರ ಹತ್ರಾನೇ ಮಾತಾಡ್ತೀನಿ" ಎಂದೆ.

ಇನ್ನು ದೊರೆ. ಒಂಟಿ ಮನುಷ್ಯ, ಗಳದಂತೆ ಉದ್ದ, ಹಕ್ಕಿಯ ಹುಚ್ಚು. ಆಗಿನ ದೊರೆಗಳಿಗೆ ಹುಲಿಯ ಹುಚ್ಚು ಇರುತ್ತಿತ್ತು, ಇವರಿಗೆ ಗುಬ್ಬಿಯಷ್ಟು ಗಾತ್ರದವುಗಳ ಮೇಲೆ ಕಣ್ಣು. ಬಂದೂಕಿಗೆ ಸಾಸಿವೆಯಂಥ ಸಣ್ಣ ಚರೆ ಹಾಕಿ ಹೊಡೆದು, ಒಳಗಿನದನ್ನೆಲ್ಲ ತೆಗೆದು ಹತ್ತಿ ತುಂಬಿ, ಕಾಲಿಗೆ ದಾರದಲ್ಲಿ ಒಂದು ಚೀಟಿ ಕಟ್ಟಿ, ಕರ್ಪೂರ ಹಾಕಿದ ಪೆಟ್ಟಿಗೆಗಳಲ್ಲಿ ಮಲಗಿಸುತ್ತಿದ್ದರು. ದೊರೆಗಳು ಹಕ್ಕಿ ಉಪ್ಪಿನಕಾಯಿ ಹಾಕ್ತಾರೆ ಎಂದು ಮೇಸ್ತ್ರಿ ಕಳಸದ ಸಂತೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಕ್ರೂರಿ ಎಂದು ಮಾತ್ರ ಹೇಳಲಾರೆ. ಹೊಡೆದ ಹಕ್ಕಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಗರಿ ನೇವರಿಸುವಾಗ ಮಗುವನ್ನು ಮಲಗಿಸುವವರ ಹಾಗೆ ಕಾಣುತ್ತಿದ್ದರು. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಮೊದಲ ವರ್ಷವೇ ನಾನೊಂದು ತಪ್ಪು ಮಾಡಿದೆ. ಆ ಮಾತು ಬರೆಯುವಾಗ ಈಗಲೂ ಕೈ ತಡೆಯುತ್ತದೆ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ ಕೆಂಪುನೀರು ಹರಿಯುವ ಕಾಲುವೆಯಿತ್ತು. ಅದರ ದಂಡೆಯಲ್ಲಿ ಒಂದು ಹಕ್ಕಿ ಬಾಲ ಎತ್ತಿ ಎತ್ತಿ ಕುಣಿಯುವುದನ್ನು ಕಂಡೆ. ಮೇಲೆಲ್ಲ ಕಪ್ಪು, ಹೊಟ್ಟೆ ಮಾತ್ರ ಇಟ್ಟಿಗೆಪುಡಿಯ ಬಣ್ಣ. ಹೊಸ ಹಕ್ಕಿ ಎಂದು ಜಂಬದಿಂದ ನಮ್ಮನೆಯವರಿಗೆ ಹೇಳಿದೆ, ಅವರು ದೊರೆಗೆ ಹೇಳಿದರು, ದೊರೆ ಬಂದೂಕು ಹಿಡಿದು ಬಂದೇಬಿಟ್ಟರು. ಒಂದೇ ಏಟಿಗೆ ಬಿತ್ತು. ದೊರೆ ಅದನ್ನು ಮಗುಚಿ ನೋಡಿ, ಹುಬ್ಬು ಗಂಟಿಕ್ಕಿ, ಕರವಸ್ತ್ರ ಒದ್ದೆ ಮಾಡಿ ಹೊಟ್ಟೆ ಒರೆಸಿದರು. ಕೆಂಪೆಲ್ಲ ಕರವಸ್ತ್ರಕ್ಕೆ ಬಂತು. ಕೆಳಗೆ ಬಿಳಿ ಹೊಟ್ಟೆ. ಊರುಕೇರಿಯಲ್ಲೆಲ್ಲ ಇರುವ ಮಡಿವಾಳ ಹಕ್ಕಿ ಅದು, ಪಲ್ಪಿನ ನೀರಿನಲ್ಲಿ ಮಿಂದಿತ್ತು ಅಷ್ಟೆ. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಮ್ಮ, ಇದು ಕಾಫಿ ಕುಡಿದ ಹಕ್ಕಿ" ಎಂದು ತಮ್ಮ ಕನ್ನಡದಲ್ಲಿ ಹೇಳಿದರು.

ನಾನೂ ನಗಬಹುದಿತ್ತು. ಆದರೆ ಬೇಸಿಗೆ ಹತ್ತಿರವಾದಾಗ ತಿಳಿಯಿತು. ಹಿಂದಿನ ವರ್ಷ ಬೆಳಗಿನ ಜಾವಕ್ಕೆ ಸ್ಟೋರಿನ ಮಾಡಿನ ಮೇಲೆ ಕೂತು ಸಿಳ್ಳೆ ಹಾಕಿ ಹಾಕಿ ಇಡೀ ಲೈನನ್ನು ಎಬ್ಬಿಸುತ್ತಿದ್ದದ್ದು ಅದೇ ಹಕ್ಕಿಯಂತೆ. ಆ ವರ್ಷ ಮಾಡಿನ ಮೇಲೆ ಯಾರೂ ಕೂರಲಿಲ್ಲ. "ಈ ಸಲ ಯಾಕೋ ಬೆಳಗಾದದ್ದೇ ಗೊತ್ತಾಗಲ್ಲ" ಎಂದು ಹೆಂಗಸರು ಮಾತಾಡಿಕೊಳ್ಳುವಾಗ ನಾನು ತಲೆ ಎತ್ತಲಿಲ್ಲ. ಸಿದ್ದಕ್ಕನಿಗೆ ಮಾತ್ರ ಎಲ್ಲ ಹೇಳಿ ಅತ್ತೆ. ಅವಳು ಸಮಾಧಾನ ಮಾಡುವವಳಲ್ಲ. "ಮಾದರಿ ನೋಡ್ದೆ ಹೆಕ್ಕಿದ್ರಿ" ಎಂದಳು. ಇನ್ನು ಮೇಲೆ ಯಾವ ಹಕ್ಕಿಯ ವಿಷಯವನ್ನೂ ಯಾರ ಹತ್ತಿರವೂ ಆಡುವುದಿಲ್ಲ ಎಂದು ನಾನು ಆಣೆ ಮಾಡಿಕೊಂಡೆ.

ಆ ಆಣೆ ಉಳಿದದ್ದು ಒಂಬತ್ತು ತಿಂಗಳು.

ನಮ್ಮ ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲು. ಅದರ ಪಕ್ಕ ಸಣ್ಣ ನೀರಿನ ಹರಿವು, ಅದರ ಮೇಲೆ ಬಾಗಿದ ಹಳೆಯ ಕಾಫಿ ಗಿಡ. ಕಾರ್ತಿಕದಲ್ಲಿ ಅದರ ಒಂದು ತಗ್ಗಿನ ಕಡ್ಡಿಯ ಮೇಲೆ ಒಂದು ಪುಟ್ಟ ಹಕ್ಕಿ ಬಂದು ಕೂರುತ್ತಿತ್ತು. ಗುಬ್ಬಿಗಿಂತ ತೆಳ್ಳಗೆ, ಮೈಯೆಲ್ಲ ನೀವು ಹೇಳುವ ಕಂದು. ಇಷ್ಟು ಸಪ್ಪೆ ಹಕ್ಕಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಹಾಡುವ ಹಕ್ಕಿಗಳ ಕುಲದ್ದೇ ಎಂದು ಆಮೇಲೆ ದೊರೆ ಹೇಳಿದರು. ನನ್ನೆದುರು ಅದು ಹಾಡಿದ್ದು ಇಲ್ಲ. ಯಾವಾಗಲಾದರೂ ಒಮ್ಮೆ ಸಣ್ಣಗೆ "ಸಿಟ್" ಎಂದರೆ ಅದೇ ದೊಡ್ಡ ಕಚೇರಿ. ಇಡೀ ಬೆಳಿಗ್ಗೆ ಅಲುಗಾಡದೆ ಕೂತು, ಎರಡು ಮಾರು ದೂರದಲ್ಲಿ ನೊಣ ಕಂಡರೆ ಹಾರಿ ಕಚ್ಚಿ, ಮತ್ತೆ ಅದೇ ಕಡ್ಡಿಗೆ ಬರುವುದು. ಹಿಂದಿನ ವರ್ಷವೂ ಶಿವರಾತ್ರಿಯವರೆಗೆ ಇದ್ದು ಎಲ್ಲಿಗೋ ಹೋಗಿತ್ತು. ಈಗ ತಿರುಗಿ ಬಂದು ಅದೇ ಕಡ್ಡಿಯನ್ನು ಹಿಡಿದಾಗ ನನಗೆ ತವರಿನಿಂದ ಯಾರೋ ಬಂದಷ್ಟು ಸಂತೋಷವಾಯಿತು. ನಾನು ಬಟ್ಟೆ ಕುಸುಬುತ್ತ ಅದರ ಹತ್ತಿರ ಅತ್ತೆಮನೆಯ ದೂರು ಹೇಳುತ್ತಿದ್ದೆ. ಅದು ದೊಡ್ಡ ಕಣ್ಣು ಬಿಟ್ಟುಕೊಂಡು ಕೇಳುತ್ತಿತ್ತು.

ಆ ಹಕ್ಕಿಯ ಕಾಲು ಮಾತ್ರ ಬೇರೆ. ಕಡ್ಡಿಯಂಥ ಎರಡು ಕಾಲು, ಚೆನ್ನಾಗಿ ಒಣಗಿದ ಪಾರ್ಚ್‌ಮೆಂಟಿನ ಬಣ್ಣ. ಈ ವಿಚಿತ್ರವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಒಂದು ದಿನ ನಮ್ಮನೆಯವರಿಗೆ ಹೇಳಿದೆ, ಯಾರಿಗೂ ಹೇಳಬೇಡಿ ಎಂದೂ ಹೇಳಿದೆ. ಅವರು ಆಗಲಿ ಎಂದರು. ಎರಡೇ ದಿನಕ್ಕೆ ಆಫೀಸಿನಲ್ಲಿ ದೊರೆ ತಮ್ಮ ದಪ್ಪ ಹಕ್ಕಿ ಪುಸ್ತಕ ಬಿಚ್ಚಿ, ಹಳದಿ ಕಾಲಿನ ಕಂದು ನೊಣಹಿಡುಕ ಚಳಿಗಾಲಕ್ಕೆ ಈ ಬೆಟ್ಟಗಳಿಗೆ ಬರುತ್ತದೆಂದು ಇದರಲ್ಲಿದೆ, ಹನ್ನೆರಡು ವರ್ಷದಿಂದ ಒಂದೂ ಸಿಕ್ಕಿಲ್ಲ, ಸಿಗುವುದೆಲ್ಲ ಕಪ್ಪು ಕಾಲಿನ ಸಾಧಾರಣ ಜಾತಿಯದು ಎಂದು ಪೇಚಾಡಿದರಂತೆ. ನಮ್ಮನೆಯವರ ಬಾಯಿಂದ "ನಮ್ಮನೆ ಹಿಂದೆ ಒಂದಿದೆಯಂತೆ ಸರ್" ಎಂದು ಬಿದ್ದುಹೋಯಿತು.

ಬುಧವಾರ ಮಧ್ಯಾಹ್ನ ಊಟಕ್ಕೆ ಬಂದವರು ತಲೆ ತಗ್ಗಿಸಿಕೊಂಡೇ ಹೇಳಿದರು. "ಭಾನುವಾರ ದೊರೆ ಬಂದೂಕು ತಗೊಂಡು ಬರ್ತಾರಂತೆ. ಪೆಟ್ಟಿಗೆಗೆ ಆ ಜಾತಿದು ಒಂದೇ ಒಂದು ಸಾಕಂತೆ."

ಅವತ್ತು ರಾತ್ರಿಯ ಸಾರಿಗೆ ನಾನು ಉಪ್ಪು ಹಾಕಲಿಲ್ಲ, ಮರೆತು ಅಲ್ಲ. ಅವರೂ ಅದನ್ನೇ ತಿಂದು ಎದ್ದರು.

ಗುರುವಾರ ಬೆಳಿಗ್ಗೆ ಹಕ್ಕಿಯನ್ನು ಓಡಿಸಿಬಿಡೋಣ ಎಂದು ಚಪ್ಪಾಳೆ ತಟ್ಟಿದೆ, ಮಣ್ಣಿನ ಹೆಂಟೆ ಎಸೆದೆ, ಒದ್ದೆ ಸೀರೆ ಬೀಸಿದೆ. ಹಾರುವುದು, ಸುತ್ತು ಹೊಡೆಯುವುದು, ಮತ್ತೆ ಅದೇ ಕಡ್ಡಿ. ಅಷ್ಟು ದಡ್ಡ ಪ್ರಾಣಿಯನ್ನು ನಾನು ನೋಡಿಲ್ಲ. ನನ್ನನ್ನು ಅದು ಅಷ್ಟು ನಂಬಿತ್ತು ಎಂದು ಆಮೇಲೆ ಹೊಳೆಯಿತು. ಮಡಿವಾಳ ಹಕ್ಕಿ ಹೋದದ್ದು ನನ್ನ ಬಾಯಿಂದ. ಇದೂ ನನ್ನ ಬಾಯಿಂದಲೇ ಹೋಗಬೇಕೆ?

ಕಣಕ್ಕೆ ಓಡಿದೆ. ಸಿದ್ದಕ್ಕ ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

"ಪೆಟ್ಟಿಗೇಲಿ ಆ ಜಾತಿದು ಇಲ್ಲ ಅಂತ ಹೇಳ್ದೋರು ಯಾರು?"

"ದೊರೆಗಳೇ."

"ಕಂದು ಹಕ್ಕಿ ಎಷ್ಟಿದಾವಂತೆ ಅದ್ರಲ್ಲಿ?"

"ಆರೋ ಏಳೋ ಇದಾವಂತೆ. ಎಲ್ಲ ಕಪ್ಪು ಕಾಲಿನವು."

"ಯಾರು ಹೆಕ್ಕಿದಾರೆ ಅದನ್ನ?"

"ಹೆಕ್ಕೋದೇನು? ಅವರೇ ಹೊಡೆದು ಅವರೇ ಇಟ್ಟಿರೋದು."

ಸಿದ್ದಕ್ಕ ಆಗ ತಲೆ ಎತ್ತಿದಳು. "ಹೆಕ್ಕದೆ ಇರೋ ರಾಶೀಲಿ ಬೇರೆ ಬೇಳೆ ಇಲ್ದೆ ಇರುತ್ತಾ ಅಮ್ಮಾವ್ರೇ? ನಲವತ್ತು ವರ್ಷ ಆಯ್ತು ನಾನು ಕೂತು. ಒಂದು ರಾಶೀನೂ ಹಂಗೆ ಕಂಡಿಲ್ಲ. ಮಾದರಿ ಮಾಡ್ಕಳಿ, ಪೆಟ್ಟಿಗೆ ತರ್ಸಿ, ಹೆಕ್ಕಿ. ಅವ್ರಿಗೆ ಬೇಕಾದ್ದು ಅಲ್ಲೇ ಸಿಕ್ಕಿದ್ರೆ ಇದನ್ನ ಯಾಕೆ ಹೊಡೀತಾರೆ?"

ನಾನು ಸೆರಗು ಸಿಕ್ಕಿಸಿಕೊಂಡು ಮನೆಗೆ ಓಡಿದೆ.

ಮಾದರಿ ಮಾಡುವುದಕ್ಕೆ ಮೊದಲು ಪುಸ್ತಕ ಏನು ಹೇಳುತ್ತದೆಂದು ತಿಳಿಯಬೇಕಿತ್ತು. ನಮ್ಮನೆಯವರು ಪ್ರಾಯಶ್ಚಿತ್ತಕ್ಕೆಂಬಂತೆ ಬಂಗಲೆಯಿಂದ ಆ ಪುಸ್ತಕ ಕೇಳಿ ತಂದು ಜಗಲಿಯ ಮೇಲೆ ಓದತೊಡಗಿದರು. ಮೊದಲ ಸಾಲಿಗೇ ಗಾಡಿ ನಿಂತಿತು. "ಬೆನ್ನು ಆಲಿವ್ ಕಂದು."

"ಆಲಿವ್ ಅಂದ್ರೆ?"

"ಅದೊಂದು ಕಾಯಿ."

"ನೀವು ನೋಡಿದೀರಾ?"

"ಇಲ್ಲ."

ಮುಂದೆ ಇನ್ನೂ ನಾಲ್ಕು ಬಣ್ಣ ಬಂದವು. ನಮ್ಮನೆಯವರು ನಿಘಂಟು ಬಿಚ್ಚಿದರು. ನಾಲ್ಕಕ್ಕೂ ಕಂದು ಎಂದೇ ಇತ್ತು. ಇಂಗ್ಲಿಷಿನವರು ಅಷ್ಟು ಕಷ್ಟಪಟ್ಟು ಬೇರೆ ಬೇರೆ ಹೆಸರಿಟ್ಟದ್ದನ್ನು ನಿಘಂಟು ಬರೆದ ಪುಣ್ಯಾತ್ಮರು ಒಂದೇ ಚೀಲಕ್ಕೆ ತುಂಬಿದ್ದರು. ಎರಡೇ ವಿಷಯ ನನಗೆ ಗಟ್ಟಿಯಾಗಿ ಸಿಕ್ಕಿದ್ದು. ಸಾಧಾರಣ ಜಾತಿಗೆ ಬಾಲವೂ ಬೆನ್ನಿನ ಬಣ್ಣದ್ದೇ, ಎದೆ ಬೂದು. ನಮ್ಮ ಹಕ್ಕಿಯ ಜಾತಿಗೆ ಬಾಲದ ಬುಡ ಕೆಂಚು, ಎದೆಯ ಮೇಲೆ ಕಂದು, ಕೆಳಕೊಕ್ಕು ಮತ್ತು ಕಾಲು ಹಳದಿ. ಯಾವ ಕೆಂಚು, ಎಷ್ಟು ಕಂದು ಎಂಬುದನ್ನು ಹಕ್ಕಿಯನ್ನೇ ಕೇಳಬೇಕಾಯಿತು.

ಶುಕ್ರವಾರ, ಶನಿವಾರ ಎರಡು ಬೆಳಿಗ್ಗೆ ಒಗೆಯುವ ಕಲ್ಲಿನ ಮೇಲೆ ಮೊರ ಇಟ್ಟುಕೊಂಡು ಕೂತೆ. ಮಡಿಲಲ್ಲಿ ಕಣದಿಂದ ತಂದ ಬೇಳೆಗಳು. ಹಕ್ಕಿಯ ಒಂದೊಂದು ಗರಿಯ ಪಕ್ಕಕ್ಕೂ ಕಣ್ಣಲ್ಲೇ ಒಂದೊಂದು ಬೇಳೆ ಹಿಡಿದು ನೋಡಿದೆ. ಹೊಂದಿದ್ದನ್ನು ಮೊರದ ಮೇಲೆ ಹಕ್ಕಿಯ ಆಕಾರಕ್ಕೆ ಜೋಡಿಸುತ್ತ ಹೋದೆ. ತಲೆಗೆ ಒಣ ಚೆರ್ರಿಯ ಸಿಪ್ಪೆ ಹೊಂದಿತು. ಬೆನ್ನಿಗೆ ಹುಳಿ ಹೆಚ್ಚಾದ ಬೇಳೆ. ಬಾಲದ ಬುಡಕ್ಕೆ ಐದು ತರಹ ಇಟ್ಟು ತೆಗೆದು, ಕೊನೆಗೆ ಕೆಂಪು ಒಳಪೊರೆಯ ಬೇಳೆ ಇಟ್ಟಾಗ ಹಕ್ಕಿಯೂ ಬೇಳೆಯೂ ಒಂದೇ ಆದವು. ಗಂಟಲಿಗೆ ಬೇಳೆಯ ಬೆಳ್ಳಿ ಪೊರೆ, ಎದೆಗೆ ಕೊಳೆನೀರು ಹಿಡಿದ ಪಾರ್ಚ್‌ಮೆಂಟ್, ಕಾಲಿಗೆ ಒಳ್ಳೆಯ ಪಾರ್ಚ್‌ಮೆಂಟಿನ ಹೊಟ್ಟನ್ನು ಸೀಳಿದ ಎರಡು ಎಳೆ. ಶನಿವಾರ ಸಂಜೆ ಸಿದ್ದಕ್ಕ ಬಂದು ಮೊರ ನೋಡಿದಳು. ಸೆರಗಿನ ಗಂಟಿನಿಂದ ಒಂದು ಒಳ್ಳೆಮೆಣಸಿನ ಕಾಳು ತೆಗೆದು ಕಣ್ಣಿನ ಜಾಗಕ್ಕೆ ಇಟ್ಟಳು. ಅಷ್ಟರಲ್ಲಿ ಮೊರದ ಮೇಲಿನ ಹಕ್ಕಿ ನನ್ನನ್ನೇ ನೋಡತೊಡಗಿತು.

ಪೆಟ್ಟಿಗೆ ತರಿಸುವ ಕೆಲಸ ನಮ್ಮನೆಯವರದು. "ದೊರೆಗೆ ಪೆಟ್ಟಿಗೆ ತನ್ನಿ, ನನ್ನ ಹೆಂಡ್ತಿ ಹೆಕ್ತಾಳೆ ಅಂತ ಹೇಳ್ಲಾ? ನಾಳೆಯಿಂದ ನಾನು ಬೇರೆ ಕೆಲಸ ಹುಡುಕ್ಬೇಕಾಗುತ್ತೆ" ಎಂದರು. ನಾನು ಉಪ್ಪಿನ ಡಬ್ಬಿಯ ಕಡೆ ನೋಡಿದೆ. ಅವರು ಕೋಟು ಹಾಕಿಕೊಂಡು ಹೋದರು. ಏನು ಹೇಳಿದರೋ ಹೇಗೆ ಹೇಳಿದರೋ, ದೊರೆ ಒಪ್ಪಿದರು.

ಭಾನುವಾರ ಬಿಸಿಲೇರುವ ಹೊತ್ತಿಗೆ ದೊರೆ ಬಂದರು. ಹೆಗಲಿಗೆ ಬಂದೂಕು, ಕೊರಳಿಗೆ ದುರ್ಬೀನು. ಹಿಂದೆ ಪೆಟ್ಟಿಗೆ ಹೊತ್ತು ನಮ್ಮನೆಯವರು. ಬೇಲಿಯ ಆಚೆ ಸಿದ್ದಕ್ಕ ಎಲೆಅಡಿಕೆ ಹಾಕುತ್ತ ನಿಂತಿದ್ದಳು. ಹಕ್ಕಿ ತನ್ನ ಕಡ್ಡಿಯ ಮೇಲೆ ನೊಣ ಕಾಯುತ್ತಿತ್ತು. ದೊರೆ ದುರ್ಬೀನಿನಲ್ಲಿ ಒಂದೇ ಸಲ ನೋಡಿ, "ಹಳದಿ ಕಾಲು" ಎಂದರು. ಹನ್ನೆರಡು ವರ್ಷದ ಆಸೆ ಅದು. ಬಂದೂಕಿಗೆ ತೋಟಾ ಹಾಕಿದರು.

"ಒಂದು ಗಳಿಗೆ ಸರ್" ಎಂದರು ನಮ್ಮನೆಯವರು. ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು ಮುಚ್ಚಳ ತೆಗೆದರು.

ನಾನು ಬಿಳಿ ಪಂಚೆ ಹಾಸಿದೆ. ಸತ್ತ ಹಕ್ಕಿಗಳನ್ನು ಮುಟ್ಟಲು ಕೈ ಮುಂದೆ ಬರಲಿಲ್ಲ. ಬೇಳೆ ಎಂದುಕೊಂಡು ಮುಟ್ಟಿದೆ. ಆರು ಹಕ್ಕಿಗಳನ್ನು ಬೋರಲಾಗಿ ಸಾಲಾಗಿ ಮಲಗಿಸಿ, ಕಣದ ಪದ್ಧತಿಯಂತೆ ಸೂರ್ಯನಿಗೆ ಬೆನ್ನು ಹಾಕಿ, ಪಕ್ಕದಲ್ಲಿ ಮೊರ ಇಟ್ಟುಕೊಂಡು ಕೂತೆ. ಮೊದಲನೆಯದು ಅಲ್ಲ. ಎರಡನೆಯದು ಅಲ್ಲ. ಮೂರನೆಯದೂ ನಾಲ್ಕನೆಯದೂ ಅಲ್ಲ. ಐದನೆಯದರ ಬಾಲದ ಬುಡದ ಹತ್ತಿರ ಬೆರಳು ತಾನಾಗಿಯೇ ನಿಂತಿತು. ಕೆಂಪು ಒಳಪೊರೆಯ ಬೇಳೆಯನ್ನು ಪಕ್ಕಕ್ಕೆ ಇಟ್ಟು ನೋಡಿದೆ. ಮಗುಚಿ ಎದೆ ನೋಡಿದೆ. ಕೊಳೆನೀರು ಹಿಡಿದ ಪಾರ್ಚ್‌ಮೆಂಟ್. ಕಣದಲ್ಲಿ ಕಪ್ಪು ಬೇಳೆಯನ್ನು ನೂಕುವ ಹಾಗೆ ಅದನ್ನು ಸಾಲಿನಿಂದ ಆಚೆ ಸರಿಸಿದೆ. "ಇದು ಬೇರೆ."

ದೊರೆ ಬಗ್ಗಿ ನೋಡಿ ತಲೆ ಅಲ್ಲಾಡಿಸಿದರು. "ಇಲ್ಲ ಅಮ್ಮ. ಕಾಲು ನೋಡಿ. ಕಪ್ಪು. ಪುಸ್ತಕ ಹಳದಿ ಹೇಳ್ತದೆ."

ನೋಡಿದರೆ ಹೌದು. ಆರು ಹಕ್ಕಿಗಳ ಕಾಲೂ ಸುಟ್ಟ ಕಡ್ಡಿಯ ಹಾಗೆ ಒಂದೇ ಬಣ್ಣ. ಐದನೆಯದರ ಚೀಟಿಯ ಮೇಲೆ ದೊರೆಯ ಕೈಯಲ್ಲೇ ಸಾಧಾರಣ ಜಾತಿಯ ಹೆಸರು ಬರೆದಿತ್ತು. ದೊರೆ ಬೇಸರದಿಂದ ನೆಟ್ಟಗಾಗಿ ಬಂದೂಕು ಎತ್ತಿಕೊಂಡರು.

ಅಲ್ಲಿಯವರೆಗೆ ನಾನು ದೊರೆಯ ಜೊತೆ ನೇರವಾಗಿ ಮಾತಾಡಿದವಳಲ್ಲ. ಅವತ್ತು ಎದ್ದು ಅವರಿಗೂ ಕಾಫಿ ಗಿಡಕ್ಕೂ ನಡುವೆ ನಿಂತೆ. ಧೈರ್ಯ ಎಲ್ಲಿಂದ ಬಂತೋ ತಿಳಿಯದು.

"ಸ್ವಾಮಿ, ನಿಮ್ಮ ತೋಟದ ಪಾರ್ಚ್‌ಮೆಂಟ್ ತೊಳೆದಾಗ ಯಾವ ಬಣ್ಣ, ಒಣಗಿದ್ಮೇಲೆ ಯಾವ ಬಣ್ಣ?"

ದೊರೆ ಹುಬ್ಬೇರಿಸಿದರು. "ಬೇರೆ ಬೇರೆ. ಅದು ಎಲ್ಲಾರಿಗೂ ಗೊತ್ತು."

"ಇದು ಒಣಗಿ ಎಷ್ಟು ವರ್ಷ ಆಯ್ತು? ಕಾಲಲ್ಲಿರೋದು ಚರ್ಮ. ಹಸಿ ಇದ್ದಾಗ ಒಂದು, ಒಣಗಿದಾಗ ಒಂದು. ಗರಿ ಹಾಗಲ್ಲ, ನಮ್ಮಪ್ಪನ ಅಂಗಡಿ ರೇಷ್ಮೆ ಹಾಗೆ ಅದರ ಬಣ್ಣ ನಿಲ್ಲುತ್ತೆ. ಕಾಲು ಬಿಡಿ, ಗರಿ ನೋಡಿ. ಕಡ್ಡಿ ಮೇಲಿರೋದನ್ನ ನೋಡಿ, ಮೊರ ನೋಡಿ, ಇದನ್ನ ನೋಡಿ."

ನಮ್ಮನೆಯವರು ನಾನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಮತ್ತೆ ಹೇಳಿದರು. ಈ ಸಲ ಅವರು ಏನನ್ನೂ ಮೆತ್ತಗೆ ಮಾಡಲಿಲ್ಲ ಎಂದು ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ದೊರೆ ಬಂದೂಕನ್ನು ಕಲ್ಲಿಗೆ ಒರಗಿಸಿದರು. ದುರ್ಬೀನಿನಲ್ಲಿ ಹಕ್ಕಿಯನ್ನು ನೋಡಿದರು, ಮೊರದ ಕಡೆ ಬಗ್ಗಿದರು, ಐದನೆಯದನ್ನು ಅಂಗೈಗೆ ತೆಗೆದುಕೊಂಡರು. ಹೀಗೆ ಮೂರು ನಾಲ್ಕು ಸುತ್ತು. ಆಮೇಲೆ ಜೇಬಿನಿಂದ ಅಳತೆಪಟ್ಟಿ ತೆಗೆದು ಸತ್ತ ಹಕ್ಕಿಯ ರೆಕ್ಕೆ ಬಿಡಿಸಿ ಒಂದೊಂದೇ ಗರಿ ಅಳೆದರು. ಕೊಕ್ಕನ್ನು ಬಿಸಿಲಿಗೆ ಹಿಡಿದು ಕೆಳಭಾಗವನ್ನು ಉಗುರಿನಲ್ಲಿ ಕೆರೆದರು. ಒಣಗಿದ ಮೇಲೂ ಅಲ್ಲಿ ಸ್ವಲ್ಪ ಹಳದಿ ಉಳಿದಿತ್ತು. ಪುಸ್ತಕ ತೆರೆದು ಅಳತೆ ನೋಡಿದರು, ಮತ್ತೊಮ್ಮೆ ಅಳೆದರು. ಅವರ ಕುತ್ತಿಗೆ ನಿಧಾನವಾಗಿ ಕೆಂಪೇರಿತು.

"ಎಂಟು ವರ್ಷ" ಎಂದರು ದೊರೆ. "ಎಂಟು ವರ್ಷ ಇದು ನನ್ನ ಮಂಚದ ಕೆಳಗೆ ಇತ್ತು."

ಬೇಲಿಯ ಆಚೆಯಿಂದ ಸಿದ್ದಕ್ಕ ಎಲೆಅಡಿಕೆ ಉಗಿದ ಶಬ್ದ ಕೇಳಿಸಿತು.

"ಒಂದು ಸಾಕು ಅಂದಿದ್ರಂತೆ" ಎಂದೆ ನಾನು.

ದೊರೆ ನನ್ನನ್ನು ನೋಡಿದರು. ಬಂದೂಕು ಎತ್ತಿ, ನಡುವಿನ ಕೀಲಿಗೆ ಮಡಚಿ ತೆರೆದು, ತೋಟಾ ತೆಗೆದು ಜೇಬಿಗೆ ಹಾಕಿಕೊಂಡರು. "ಹೌದು. ಒಂದು ಸಾಕು" ಎಂದರು. ಅಷ್ಟು ಹೊತ್ತಿಗೆ ಸರಿಯಾಗಿ ನಮ್ಮ ದಡ್ಡ ಹಕ್ಕಿ ಕಡ್ಡಿಯಿಂದ ಹಾರಿ, ದೊರೆಯ ಟೋಪಿಯ ಪಕ್ಕದಲ್ಲೇ ಒಂದು ನೊಣ ಹಿಡಿದು, ವಾಪಸು ಹೋಗಿ ಕೂತಿತು. ನನಗಾದ ಸಂತೋಷವನ್ನು ಹೇಗೆ ಹೇಳಲಿ. ಗೆದ್ದೆ ಎಂದು ಕೂಗಬೇಕೆನಿಸಿತು, ಸೆರಗನ್ನು ಬಾಯಿಗೆ ತುರುಕಿಕೊಂಡೆ. ಜೀವನದಲ್ಲಿ ಅಂಥ ಗೆಲುವು ಆಮೇಲೆ ನನಗೆ ಎರಡೋ ಮೂರೋ ಸಿಕ್ಕಿರಬಹುದು, ಅಷ್ಟೆ.

ದೊರೆ ಒಗೆಯುವ ಕಲ್ಲಿನ ಮೇಲೆ ಕೂತು ಹೊಸ ಚೀಟಿ ಬರೆಯತೊಡಗಿದರು. ಹಳೆಯ ಹೆಸರು ಹೋಗಿ ಹೊಸ ಹೆಸರು ಬಂತು. ಕೆಳಗೆ ಗುರುತಿಸಿದವರು ಯಾರು ಎಂದು ಬರೆಯುವ ಜಾಗವಿತ್ತು. ಪೆನ್ನು ಎತ್ತಿಕೊಂಡು ನಮ್ಮನೆಯವರನ್ನು ನೋಡಿದರು.

ಆ ಕಾಲದಲ್ಲಿ ನಮ್ಮ ಕಡೆ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದು, ಅದೂ ಪರರ ಎದುರಿಗೆ, ಇರಲಿಲ್ಲ. ಮದುವೆಯಾಗಿ ಎರಡು ವರ್ಷದಲ್ಲಿ "ಇವಳೇ" ಎಂದೋ "ಕೇಳ್ತಾ" ಎಂದೋ ಕರೆದದ್ದು ಬಿಟ್ಟರೆ ಬೇರೆ ಇಲ್ಲ.

"ರೈಟರ ಹೆಂಡ್ತಿ ಅಂತ ಬರೀರಿ ಸರ್" ಎಂದರು.

"ಅದು ಹೆಸರು ಅಲ್ಲ."

ನಮ್ಮನೆಯವರು ನೆಲ ನೋಡಿದರು, ಪೆಟ್ಟಿಗೆ ನೋಡಿದರು, ಬೇಲಿಯ ಆಚೆ ನಗುತ್ತಿದ್ದ ಸಿದ್ದಕ್ಕನನ್ನು ನೋಡಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ "ಅನ್ನಪೂರ್ಣ" ಎಂದರು. ಅವರ ಕಿವಿ ದಾಳಿಂಬೆ ಬಣ್ಣಕ್ಕೆ ತಿರುಗಿತ್ತು. ದೊರೆ ಒಂದೊಂದೇ ಅಕ್ಷರ ಕೇಳಿ ಕೇಳಿ ಬರೆದುಕೊಂಡರು.

ಎಲ್ಲರೂ ಹೋದ ಮೇಲೆ ಸಿದ್ದಕ್ಕ ಬಂದು ಮೊರ ಎತ್ತಿಕೊಂಡಳು. ಮೆಣಸಿನ ಕಾಳನ್ನು ಸೆರಗಿನ ಗಂಟಿಗೆ ಸೇರಿಸಿ, ಬೇಳೆಗಳನ್ನೆಲ್ಲ ಬೊಗಸೆಗೆ ಹಾಕಿಕೊಂಡು, "ತೋಟದ್ದು ತೋಟಕ್ಕೆ" ಎಂದು ಕಣದ ಕಡೆ ಹೊರಟಳು. ಇನ್ನೆರಡು ದಿನ ಇಟ್ಟುಕೊಳ್ಳುತ್ತೇನೆ ಎಂದರೂ ಕೇಳಲಿಲ್ಲ.

ಹಕ್ಕಿ ಶಿವರಾತ್ರಿಯವರೆಗೆ ಇತ್ತು, ಆಮೇಲೆ ಹೋಯಿತು. ಮುಂದಿನ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ನಾನು ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದೆ. ಮುಖ ತೊಳೆಯಲು ಹಿತ್ತಲಿಗೆ ಹೋಗಿದ್ದ ನಮ್ಮನೆಯವರು ಚೊಂಬು ಕೆಳಗೆ ಹಾಕಿದ ಸದ್ದಾಯಿತು. ಹಿಂದೆಯೇ ಅವರು ಕೂಗಿದರು. ಇವಳೇ ಎಂದಲ್ಲ, ಕೇಳ್ತಾ ಎಂದಲ್ಲ. ಬಂಗಲೆಗೂ ಲೈನಿಗೂ ಕೇಳುವ ಹಾಗೆ, "ಅನ್ನಪೂರ್ಣಾ, ಬಂತು, ಅದೇ ಕಡ್ಡಿ ಮೇಲೆ ಕೂತಿದೆ, ಓಡಿ ಬಾ" ಎಂದು.